ಏಸಿಗಿಂತ ಮೊದಲು ಮಾಳಿಗೆ ನೋಡಿ

ರಾಯಚೂರು ಕಡೆ ಹಳೆ ಮನೆ ಇದ್ದವರು ಏಸಿ ಕೊಳ್ಳುವ ಮೊದಲು ಒಮ್ಮೆ ಮಾಳಿಗೆ ಹತ್ತಿ ನೋಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಲ್ಲಿ ಒಂದಂತಸ್ತಿನ ಮನೆಗೆ ಹೆಚ್ಚು ಕಾವು ಇಳಿಯುವುದು ಮೇಲಿನಿಂದಲೇ.

ಕಲ್ಲಿನ ದಪ್ಪ ಗೋಡೆ, ಮಣ್ಣಿನ ಮಾಳಿಗೆ ಇದ್ದರೆ ದಯವಿಟ್ಟು ಕೆಡವಿ ಆರ್‌ಸಿಸಿ ಕಾಂಕ್ರೀಟ್ ಹಾಕಿಸಬೇಡಿ. ಕಾವು ತಡೆಯುವುದೇ ಆ ಮಣ್ಣು. ಸೋರುವ ಕಡೆ ದುರಸ್ತಿ ಮಾಡಿಸಿ, ತೊಲೆಗೆ ಗೆದ್ದಲು ಹಿಡಿದಿದೆಯಾ ನೋಡಿಸಿ. ವರ್ಷಾ ವರ್ಷ ಹೊಸ ಮಣ್ಣು ಪೇರಿಸುತ್ತಾ ಹೋದರೆ ಮಾತ್ರ ತೊಲೆಗೆ ಭಾರ ಆಗುತ್ತದೆ.

ಆರ್‌ಸಿಸಿ ಆಗಿದ್ದರೆ ಬಿಸಿಲು ಹೀರದಂತೆ ಮೇಲೆ ಸುಣ್ಣ ಬಳಿಯಿರಿ. ಬಿರುಕು ಮುಚ್ಚಿಸಿ, ಪಾಚಿ, ಧೂಳು ತಿಕ್ಕಿ ತೊಳೆದು, ಸೋಸಿದ ಸುಣ್ಣದ ನೀರಿಗೆ ಸ್ವಲ್ಪ ಅಂಟು ಬೆರೆಸಿ, ಮಾಳಿಗೆ ಒದ್ದೆ ಇರುವಾಗಲೇ ತೆಳ್ಳಗೆ ಎರಡು ಕೈ ಹೊಡೆಯಿರಿ. ಬೆಳಗ್ಗೆ ಅಥವಾ ಸಂಜೆ ಬಳಿಯಿರಿ. ಉರಿಬಿಸಿಲಲ್ಲಿ ಬಳಿದರೆ ಬೇಗ ಒಣಗಿ ಪುಡಿಪುಡಿಯಾಗಿ ಉದುರುತ್ತದೆ. ಸುಣ್ಣದ ಕಲ್ಲು ನೀರಿಗೆ ಬಿದ್ದಾಗ ಕೊತಕೊತ ಕುದಿಯುತ್ತದೆ. ಮಕ್ಕಳನ್ನು ದೂರ ಇಡಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಮಳೆಗೆ ತೊಳೆದು ಹೋಗುವುದರಿಂದ ಪ್ರತಿ ವರ್ಷ ಶಿವರಾತ್ರಿ ಹೊತ್ತಿಗೆ ಮತ್ತೆ ಬಳಿಯಬೇಕು.

ಪಡುವಣ ಕಿಟಕಿಗೆ ಹೊರಗಿನಿಂದ ತಟ್ಟಿ (ಹೆಣೆದ ಚಾಪೆಯಂಥ ಮರೆ) ಕಟ್ಟಿ. ಒಳಗಿನ ಪರದೆಗಿಂತ ಅದೇ ಮೇಲು, ಬಿಸಿಲು ಗಾಜು ದಾಟುವ ಮುಂಚೆಯೇ ತಡೆಯುತ್ತದೆ.