ಸಮುದ್ರ ಓದಬೇಕಾ? ಧಾರವಾಡದಿಂದಲೇ ಶುರು ಮಾಡಿ

ಪಿಯುಸಿ ಮುಗಿದ ಮೇಲೆ ಸಮುದ್ರದ ಬಗ್ಗೆ ಓದ್ತೀನಿ ಅಂತ ಮನೆಯಲ್ಲಿ ಹೇಳಿದೆ. ಅಜ್ಜ ಕೇಳಿದ್ದು ಒಂದೇ ಮಾತು: "ಇಲ್ಲೆ ಕೆರ್‍ಯಾಗ ನೀರಿಲ್ಲ, ನಿನಗ ಸಮುದ್ರ ಬೇಕೇನು?"

ಧಾರವಾಡದ ಮನೆಯಲ್ಲಿ ಇದಕ್ಕಿಂತ ಬೇರೆ ಪ್ರಶ್ನೆ ಏನು ಬರುತ್ತೆ? ಆದರೆ ಉತ್ತರ ಇತ್ತು, ನನಗೆ ಆಗ ಹೊಳೆಯಲಿಲ್ಲ. ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆಯ ನೀರು ಮುಂದೆ ಬೇಡ್ತಿಯಾಗುತ್ತದೆ, ಮಾಗೋಡಿನಲ್ಲಿ ಧುಮುಕುತ್ತದೆ, ಗಂಗಾವಳಿ ಅಂತ ಹೆಸರು ಬದಲಿಸಿಕೊಂಡು ಅಂಕೋಲಾ ಕಡೆ ಅರಬ್ಬಿ ಸಮುದ್ರ ಸೇರುತ್ತದೆ. ಪೂರ್ವಕ್ಕೆ ಬಿದ್ದ ಮಳೆ ಬೆಣ್ಣಿಹಳ್ಳ, ಮಲಪ್ರಭಾ, ಕೃಷ್ಣಾ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಜಿಲ್ಲೆ, ಎರಡು ಸಮುದ್ರ. ಹಾವೇರಿಯ ಗೋವಿನಜೋಳ, ಬ್ಯಾಡಗಿ ಮೆಣಸಿನಕಾಯಿ ಕಾದು ಕೂರುವ ಮುಂಗಾರು ಎದ್ದು ಬರೋದೂ ಆ ಅರಬ್ಬಿ ಸಮುದ್ರದಿಂದಲೇ.

ನನ್ನ ಹಾಗೆ ಮನೆಯಲ್ಲಿ ಬಾಯಿ ಬಿಟ್ಟು ಪೆಚ್ಚಾದವರಿಗಾಗಿ ಈ ಲೇಖನ.

ಮೊದಲು 'ಮರೈನ್' ಅನ್ನೋ ಪದ ಬಿಡಿಸಿಕೊಳ್ಳಿ

ನಮ್ಮ ಕಡೆ ಜಾಸ್ತಿ ಮಂದಿ ಎಡವೋದು ಇಲ್ಲೇ. ಮರೈನ್ ಸೈನ್ಸ್ ಬೇರೆ, ಮರೈನ್ ಎಂಜಿನಿಯರಿಂಗ್ ಬೇರೆ, ನಾಟಿಕಲ್ ಸೈನ್ಸ್ ಮತ್ತೂ ಬೇರೆ. ಹಡಗು ನಡೆಸೋದು ನಾಟಿಕಲ್ ಸೈನ್ಸ್. ಹಡಗಿನ ಎಂಜಿನ್ ನೋಡಿಕೊಳ್ಳೋದು ಮರೈನ್ ಎಂಜಿನಿಯರಿಂಗ್. ಇವೆರಡೂ ಮರ್ಚೆಂಟ್ ನೇವಿಯ, ಅಂದರೆ ವ್ಯಾಪಾರಿ ಹಡಗುಗಳ ದಾರಿ. ಪಿಯುಸಿಯಲ್ಲಿ ಗಣಿತ ಬೇಕು, ಕಣ್ಣಿನ ಪರೀಕ್ಷೆ ಬಿಗಿಯಾಗಿರುತ್ತದೆ. ಮರೈನ್ ಸೈನ್ಸ್ ಅಂದರೆ ಸಮುದ್ರವನ್ನೇ ಓದೋದು. ಅದರ ಜೀವಿಗಳು, ನೀರಿನ ರಸಾಯನ, ಅಲೆ-ಪ್ರವಾಹ, ತಳದ ಮಣ್ಣು, ಎಲ್ಲಾ ಇದರೊಳಗೇ ಬರುತ್ತದೆ.

ನನ್ನ ಜೊತೆ ಓದಿದ ಹುಡುಗನೊಬ್ಬ ಮರೈನ್ ಬಯಾಲಜಿ ಅಂದುಕೊಂಡು ಒಬ್ಬ ಏಜೆಂಟನ ಕೈಗೆ ಅಡ್ವಾನ್ಸ್ ಕೊಟ್ಟ. ಕೈಗೆ ಬಂದಿದ್ದು ಹಡಗಿನ ಡೆಕ್ ಕೆಲಸದ ಆರು ತಿಂಗಳ ಕೋರ್ಸಿನ ರಸೀದಿ. ದುಡ್ಡು ವಾಪಸ್ ಬರಲೇ ಇಲ್ಲ. ಹಡಗಿನ ಕೆಲಸವೇ ಬೇಕು ಅಂದರೂ ತಪ್ಪೇನಿಲ್ಲ, ಒಳ್ಳೇ ಕೆಲಸವೇ. ಆದರೆ ಆ ಸಂಸ್ಥೆಗೆ ಡಿಜಿ ಶಿಪ್ಪಿಂಗ್ (ಹಡಗು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಚೇರಿ) ಮಾನ್ಯತೆ ಇದೆಯಾ ನೋಡಿ, ಆಮೇಲೆ ಜೇಬಿಗೆ ಕೈ ಹಾಕಿ.

ಆಮೇಲೆ ದಾರಿ ಆರಿಸಿಕೊಳ್ಳಿ

'ಬಿ.ಎಸ್ಸಿ ಮರೈನ್ ಸೈನ್ಸ್' ಅಂತ ಬೋರ್ಡ್ ಹಾಕಿದ ಕಾಲೇಜನ್ನು ಹುಬ್ಬಳ್ಳಿ-ಧಾರವಾಡದಲ್ಲಿ ಹುಡುಕಿ ಸುಮ್ನೆ ಸುಸ್ತಾಗಬೇಡಿ. ಇಲ್ಲಿನವರು ಹಿಡಿಯಬಹುದಾದ ದಾರಿ ಮುಖ್ಯವಾಗಿ ಎರಡು.

ಒಂದು ಬಿ.ಎಫ್.ಎಸ್ಸಿ, ಅಂದರೆ ಮೀನುಗಾರಿಕೆ ಪದವಿ. 4 ವರ್ಷ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾಯಿತು, ದೇಶದ ಮೊದಲ ಮೀನುಗಾರಿಕೆ ಕಾಲೇಜು ಅದೇ. ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಬೇಕು. ರಾಜ್ಯದ ಸೀಟು ಸಿಇಟಿ ಮೂಲಕ, ಅಖಿಲ ಭಾರತ ಕೋಟಾದ ಸೀಟು ಸಿಯುಇಟಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಮೂಲಕ. ಹೊಲ ಇರುವ ಮನೆಯ ಮಕ್ಕಳು ಒಂದು ವಿಷಯ ಮರೆಯಬಾರದು: ಕೃಷಿಕ ಕೋಟಾ. ಅದಕ್ಕೆ ಬೇರೆ ದಾಖಲೆ ಬೇಕು, ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಅರ್ಜಿ ತುಂಬುವಾಗಲೇ ಆ ಕಾಲಂ ಟಿಕ್ ಮಾಡಬೇಕು. ಗದಗ, ಹಾವೇರಿ ಕಡೆಯ ಎಷ್ಟೋ ಮಕ್ಕಳು ಇದು ಬರೀ ಅಗ್ರಿ ಓದುವವರಿಗೆ ಅಂದುಕೊಂಡು ಬಿಟ್ಟುಬಿಡುತ್ತಾರೆ.

ಅಲ್ಲಿ ಮೀನು-ಸೀಗಡಿ ಸಾಕಣೆ, ಸಂಸ್ಕರಣೆ, ಬಲೆ-ದೋಣಿ, ನೀರಿನ ಪರಿಸರ ಎಲ್ಲಾ ಕಲಿಸುತ್ತಾರೆ. ಕೊನೆಯ ವರ್ಷ ಹೊರಗೆ ಹೋಗಿ ಕೈಯಾರೆ ಕೆಲಸ ಮಾಡಬೇಕು. ಡಿಗ್ರಿ ಮುಗಿದ ಕೂಡಲೇ ಸಂಬಳ ಬೇಕು ಅನ್ನುವ ಮನೆಗೆ ನನ್ನ ಓಟು ಇದಕ್ಕೇ. ಮೀನುಗಾರಿಕೆ ಇಲಾಖೆ, ಬ್ಯಾಂಕು, ಸೀಗಡಿ ಕಂಪನಿ, ಮೀನು ರಫ್ತು ಘಟಕ, ಹೀಗೆ ಬಾಗಿಲು ಹಲವು.

ಎರಡನೆಯದು ನಾನು ಹಿಡಿದ ದಾರಿ. ಊರಲ್ಲೇ ಸಾದಾ ಬಿ.ಎಸ್ಸಿ, ಆಮೇಲೆ ಸಮುದ್ರದ ಎಂ.ಎಸ್ಸಿ. ಧಾರವಾಡದ ಕರ್ನಾಟಕ ಸೈನ್ಸ್ ಕಾಲೇಜೋ ಹುಬ್ಬಳ್ಳಿಯ ಜಾಬಿನ್ ಕಾಲೇಜೋ, ಪ್ರಾಣಿಶಾಸ್ತ್ರ ಚೆನ್ನಾಗಿ ಕಲಿಸುವ ಕಡೆ 3 ವರ್ಷ ಓದಿ. ಜೊತೆಗೆ ರಸಾಯನಶಾಸ್ತ್ರ ಇಟ್ಟುಕೊಳ್ಳಿ. ಆಮೇಲೆ? ನಮ್ಮ ಕರ್ನಾಟಕ ವಿಶ್ವವಿದ್ಯಾಲಯಕ್ಕೇ ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ವಿಭಾಗ ಇದೆ. ಪಾವಟೆನಗರದ ಕ್ಯಾಂಪಸ್ಸಿನಲ್ಲಿ ಓಡಾಡುವ ಎಷ್ಟೋ ಜನರಿಗೆ ತಮ್ಮ ವಿಶ್ವವಿದ್ಯಾಲಯದ ಒಂದು ವಿಭಾಗ ಕಾಳಿ ನದಿಯ ಮುಖದ ಹತ್ತಿರ ಕೂತಿದೆ ಅನ್ನೋದು ಗೊತ್ತಿಲ್ಲ. ಅದು ಬೇಡ ಅಂದರೆ ಗೋವಾ ವಿಶ್ವವಿದ್ಯಾಲಯ, ಕೊಚ್ಚಿಯ ಕುಸಾಟ್ (ಕೊಚ್ಚಿನ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ), ತಮಿಳುನಾಡಿನ ಪರಂಗಿಪೇಟೆಯಲ್ಲಿರುವ ಅಣ್ಣಾಮಲೈ ವಿಶ್ವವಿದ್ಯಾಲಯದ ಕೇಂದ್ರ ಇವೆ.

ಈ ದಾರಿಯಲ್ಲಿ ಬರೀ ಬಿ.ಎಸ್ಸಿಗೆ ನಿಲ್ಲಿಸಿದರೆ ಸಮುದ್ರದ ಕೆಲಸ ಸಿಗೋದು ಕಷ್ಟ. 5 ವರ್ಷ ಲೆಕ್ಕ ಹಾಕಿಕೊಂಡೇ ಹೊರಡಿ, ಮನೆಯಲ್ಲೂ ಮೊದಲೇ ಹೇಳಿ.

ಜೀವಶಾಸ್ತ್ರ ಆಗಲ್ಲ, ಗಣಿತ ಇಷ್ಟ ಅನ್ನುವವರಿಗೆ ಜೆಇಇ ಬರೆದು ಐಐಟಿ ಮದ್ರಾಸ್ ಇಲ್ಲವೇ ಖರಗ್‌ಪುರದ ಓಷನ್ ಎಂಜಿನಿಯರಿಂಗ್ ಇದೆ. ಕಲ್ಲು-ಮಣ್ಣು ಇಷ್ಟ ಅಂದರೆ ಭೂವಿಜ್ಞಾನ. ಗದಗಿನವರಿಗೆ ಇದಂತೂ ಮನೆ ಬಾಗಿಲಲ್ಲೇ ಇದೆ. ಕಪ್ಪತಗುಡ್ಡದ ಪಟ್ಟೆಪಟ್ಟೆ ಕಬ್ಬಿಣದ ಕಲ್ಲು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತಿದ್ದು. ಗುಡ್ಡ ಹತ್ತೋದು ಅಂದರೆ ಹಳೇ ಕಡಲ ತಳದ ಮೇಲೆ ನಡೆದ ಹಾಗೆ.

ಪಿಯುಸಿಯಲ್ಲೇ ಮಾಡಬೇಕಾದ್ದು

ಪಿಸಿಎಂಬಿ ತಗೊಳ್ಳಿ. ಗಣಿತ ಬಿಡಬೇಡಿ. ಅಲೆ, ಉಬ್ಬರ, ಪ್ರವಾಹ ಎಲ್ಲಾ ಗಣಿತದಲ್ಲೇ ಮಾತಾಡುತ್ತವೆ. ನಾನು ಬಿಟ್ಟಿದ್ದೆ, ಎಂ.ಎಸ್ಸಿಯಲ್ಲಿ ಅತ್ತಿದ್ದೆ. ಈಜು ಕಲಿಯಿರಿ. ಇಂಗ್ಲಿಷ್ ಭಯ ಇದ್ದರೆ ಒಂದು ಸಮಾಧಾನ: ಮೀನಿನ ವೈಜ್ಞಾನಿಕ ಹೆಸರುಗಳು ಲ್ಯಾಟಿನ್, ಕಾನ್ವೆಂಟಿನಲ್ಲಿ ಓದಿದವರಿಗೂ ಬರಲ್ಲ.

ಊರಲ್ಲೇ ಕೂತು ಸಮುದ್ರ ನೋಡೋದು

ನನಗೆ ಮೊದಲ ಪಾಠ ಆಗಿದ್ದು ಹುಬ್ಬಳ್ಳಿಯ ಮೀನು ಮಾರ್ಕೆಟ್ಟಿನಲ್ಲಿ. ಬೆಳಿಗ್ಗೆ ಕಾರವಾರ, ಅಂಕೋಲಾ ಕಡೆಯಿಂದ ಐಸ್ ಬಾಕ್ಸ್ ಇಳಿಯುವ ಹೊತ್ತಿಗೆ ಹೋಗಿ. ಒಂದು ಬಂಗಡೆ ಕೊಳ್ಳಿ. ಅದರ ಬಾಯಿ ಅಗಲಿಸಿ ಒಳಗೆ ಇಣುಕಿ. ಗಂಟಲ ಎರಡೂ ಬದಿಗೆ ಬೆಳ್ಳಗಿನ ಗರಿಯಂಥ ಉದ್ದ ಎಳೆಗಳು ಕಾಣುತ್ತವೆ. ಈಗ ಕಿವಿರಿನ ಮುಚ್ಚಳ ಎತ್ತಿ. ಹೊರಮೈಗೆ ಕೆಂಪು ಎಳೆ, ಅದು ಉಸಿರಾಟಕ್ಕೆ. ಒಳಮೈಗೆ ಅದೇ ಬಿಳಿ ಬಾಚಣಿಗೆ, ಅದು ಊಟಕ್ಕೆ. ಬಂಗಡೆ ಬಾಯಿ ತೆರೆದು ಈಜುತ್ತಾ ನೀರು ಸೋಸುತ್ತದೆ. ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಆ ಬಾಚಣಿಗೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಚಹಾ ಸೋಸುವ ಜರಡಿ ಇದ್ದ ಹಾಗೆ.

ಈಗ ಪಕ್ಕದ ಅಂಗಡಿಯವನನ್ನು ಕೇಳಿ ಒಂದು ಇಸ್ವಾಣದ (ಸುರಮಯಿ ಮೀನಿನ) ತಲೆ ನೋಡಿ. ಕೊಳ್ಳೋದು ಬೇಡ, ದುಬಾರಿ. ಅದಕ್ಕೆ ಬಾಚಣಿಗೆಯೇ ಇಲ್ಲ ಅನ್ನುವಷ್ಟು ಕಮ್ಮಿ, ಬದಲಿಗೆ ಚೂಪು ಹಲ್ಲು. ಅದು ಬಂಗಡೆಯಂಥ ಮೀನುಗಳನ್ನೇ ಬೆನ್ನಟ್ಟಿ ತಿನ್ನುವಂಥದ್ದು. ಎರಡು ತಲೆ ಅಕ್ಕಪಕ್ಕ ಇಟ್ಟರೆ ಸಮುದ್ರದ ಆಹಾರ ಸರಪಳಿ ಗೋಣಿಚೀಲದ ಮೇಲೇ ಬಿಚ್ಚಿಕೊಳ್ಳುತ್ತದೆ. ಅಂಗಡಿಯವರು ಮೊದಲು ನಗುತ್ತಾರೆ. ಮೂರನೇ ಸಲ ಹೋದರೆ ವಿಚಿತ್ರ ಮೀನು ಬಂದಾಗ ಎತ್ತಿಟ್ಟಿರುತ್ತಾರೆ.

ಅಲ್ಲೇ ಒಂದು ನೋಟ್‌ಬುಕ್ ಇಡಿ. ಯಾವ ತಿಂಗಳು ಯಾವ ಮೀನು, ಎಷ್ಟು ಉದ್ದ, ಎಷ್ಟು ರೇಟು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಆ ಎರಡು ತಿಂಗಳು ಹುಬ್ಬಳ್ಳಿಯ ರೇಟು ಏನಾಗುತ್ತೆ, ಬರೆದಿಡಿ. ಅದೇ ಹೊತ್ತಿಗೆ ಮುಂಗಾರು ಗಾಳಿ ಮೇಲಿನ ನೀರನ್ನು ಸರಿಸುತ್ತದೆ, ತಳದ ತಣ್ಣನೆಯ, ಸತ್ವದ ನೀರು ಮೇಲೆ ಬರುತ್ತದೆ, ಪ್ಲಾಂಕ್ಟನ್ ಹುಲುಸಾಗಿ ಬೆಳೆಯುತ್ತದೆ. ಬಂಗಡೆ, ತಾರ್ಲೆಗೆ ಅದು ಸುಗ್ಗಿ. ಒಂದು ವರ್ಷದ ಈ ನೋಟ್‌ಬುಕ್ ನಿಮ್ಮ ಬಿ.ಎಸ್ಸಿ ಪ್ರಾಜೆಕ್ಟಿಗೂ ಸಾಕು, ಎಂ.ಎಸ್ಸಿ ಸಂದರ್ಶನಕ್ಕೂ ಸಾಕು.

ಕೆರೆಯನ್ನೂ ಬಿಡಬೇಡಿ. ಕೆಲಗೇರಿ ಕೆರೆಯ ಒಂದು ಬಾಟಲಿ ನೀರು ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಪ್ಲಾಂಕ್ಟನ್ ಗುರುತಿಸುವ ಅಭ್ಯಾಸ ಆಗುತ್ತದೆ. ಜಾತಿ ಬೇರೆ, ಕಣ್ಣಿನ ಪಳಗಿಕೆ ಒಂದೇ.

ನೌಕರಿ ಮಾತು

ಸಮುದ್ರದ ಕೆಲಸ ಎಲ್ಲಾ ಸಮುದ್ರದ ದಂಡೆಯಲ್ಲೇ ಇರಲ್ಲ. ಸುನಾಮಿ ಎಚ್ಚರಿಕೆ ಕೊಡುವ, ಮೀನು ಎಲ್ಲಿ ಸಿಗಬಹುದು ಅಂತ ಉಪಗ್ರಹದ ಚಿತ್ರ ನೋಡಿ ಮೀನುಗಾರರಿಗೆ ತಿಳಿಸುವ ಇನ್‌ಕಾಯಿಸ್ ಇರೋದು ಹೈದರಾಬಾದಿನಲ್ಲಿ! ಗೋವಾದ ದೋನಾ ಪಾವ್ಲಾದಲ್ಲಿ 1966ರಲ್ಲಿ ಶುರುವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಇದೆ, ವಾಸ್ಕೋದಲ್ಲಿ ಅಂಟಾರ್ಕ್ಟಿಕಾಕ್ಕೆ ತಂಡ ಕಳಿಸುವ ಧ್ರುವ ಸಂಶೋಧನಾ ಕೇಂದ್ರ ಇದೆ. ಎರಡೂ ನಮಗೆ ಬೆಂಗಳೂರಿಗಿಂತ ಹತ್ತಿರ. ಇವಕ್ಕೆಲ್ಲಾ ಸಾಮಾನ್ಯವಾಗಿ ಎಂ.ಎಸ್ಸಿ ಬೇಕು, ಮೇಲೆ ನೆಟ್ (ಸಂಶೋಧನೆ, ಅಧ್ಯಾಪನದ ಅರ್ಹತಾ ಪರೀಕ್ಷೆ) ಆಗಿದ್ದರೆ ಇನ್ನೂ ಒಳ್ಳೇದು.

ಕೊನೆಗೆ, ಅರ್ಜಿ ಹಾಕೋ ಮೊದಲು ಒಂದು ಸಲ ಹೋಗಿ ಬನ್ನಿ

ಹುಬ್ಬಳ್ಳಿಯಿಂದ ಕಾರವಾರ ಬಸ್ ಹತ್ತಿ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಕಿಟಕಿ ತೆಗೆದರೆ ಗಾಳಿ ಬದಲಾಗಿದ್ದು ಗೊತ್ತಾಗುತ್ತದೆ. ಬೀಚ್ ನೋಡಿ ಸೆಲ್ಫಿ ತೆಗೆದು ಬರೋದಲ್ಲ. ಕಲ್ಲುಬಂಡೆ ಇರುವ ದಂಡೆಗೆ, ಪೂರ್ತಿ ಇಳಿತದ ಹೊತ್ತಿಗೆ ಹೋಗಬೇಕು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಸಮಯ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹಾಗಾಗಿ ನಿನ್ನೆಯ ಲೆಕ್ಕ ಇವತ್ತು ನಡೆಯಲ್ಲ. ಉಬ್ಬರ-ಇಳಿತದ ಪಟ್ಟಿ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ, ನೋಡಿಕೊಂಡೇ ಬಸ್ ಹತ್ತಿ. ಇಳಿತಕ್ಕೆ ಒಂದು ಗಂಟೆ ಮೊದಲು ದಂಡೆಯಲ್ಲಿರಿ, ನೀರು ತಿರುಗಿದ ಕೂಡಲೇ ವಾಪಸ್ ಬನ್ನಿ. ಒಬ್ಬರೇ ಹೋಗಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ. ಬಂಡೆ ಮೇಲೆ ಚಪ್ಪಲಿ ಜಾರುತ್ತದೆ, ಬರಿಗಾಲಿಗೆ ಸಿಂಪಿ ಚಿಪ್ಪು ಬ್ಲೇಡಿನ ಹಾಗೆ ತಾಗುತ್ತದೆ. ಹಳೇ ಕ್ಯಾನ್ವಾಸ್ ಶೂ ಹಾಕಿಕೊಳ್ಳಿ.