ಒಳಗಿನಿಂದ ಇಳಿದ ತುಕ್ಕು: 1/72 ಜಲಾಂತರ್ಗಾಮಿಯ ಮೇಲೆ ನನ್ನ ಅನುಭವ

ಜಲಾಂತರ್ಗಾಮಿ ಮಾದರಿಯ ಪಕ್ಕೆಯ ಮೇಲೆ ತುಕ್ಕಿನ ಇಳಿಗೆರೆಗಳನ್ನು ಕುಂಚದಿಂದ ಎಳೆಯುವ ಬದಲು, ನೀರುಗಂಡಿಗಳ (ಹೊರಕವಚದೊಳಗಿನ ಸಮುದ್ರದ ನೀರು ಹರಿದುಹೋಗುವ ಕಿಂಡಿಗಳ) ಒಳಗಿನಿಂದಲೇ ಬಣ್ಣದ ನೀರನ್ನು ಹರಿಯಬಿಟ್ಟು ಗೆರೆಗಳು ತಾವಾಗಿಯೇ ಮೂಡುವಂತೆ ಮಾಡಬಹುದು ಎಂದು ಮೂರು ವರ್ಷಗಳ ಹಿಂದೆ ನಾನು ಹೇಳಿದಾಗ, ಜೊತೆಯ ಹವ್ಯಾಸಿಗಳಲ್ಲಿ ಒಬ್ಬರೂ ಒಪ್ಪಲಿಲ್ಲ. ಹಡಗನ್ನು 72 ಪಟ್ಟು ಕುಗ್ಗಿಸಬಹುದು, ನೀರಿನ ಹನಿಯನ್ನು ಕುಗ್ಗಿಸಲಾಗದು ಎಂಬುದು ಅವರ ಆಕ್ಷೇಪವಾಗಿತ್ತು. ಮೂರು ಮಿಲಿಮೀಟರಿನ ಒಂದು ಹನಿ ಈ ಪ್ರಮಾಣದಲ್ಲಿ ಇಪ್ಪತ್ತೊಂದು ಸೆಂಟಿಮೀಟರಿಗಿಂತ ಅಗಲದ ಕಲೆಯಾಗುತ್ತದೆ, ಅಷ್ಟು ಅಗಲದ ಕಲೆ ಯಾವ ಗಂಡಿಯ ಕೆಳಗೂ ಇಳಿದಿರುವುದಿಲ್ಲ. ಲೆಕ್ಕವೇನೋ ಸರಿಯಾಗಿತ್ತು, ಹನಿ ನಿಲ್ಲದಂತೆ ಮಾಡುವುದು ಸಾಧ್ಯವಿಲ್ಲ ಎಂಬ ಅವರ ಊಹೆ ಮಾತ್ರ ತಪ್ಪಾಗಿತ್ತು. ಎರಡು ಒಡಲುಗಳನ್ನು ಕಳೆದುಕೊಂಡ ಮೇಲೆ ಮೂರನೆಯದರಲ್ಲಿ ನಾನು ಬಯಸಿದ್ದು ಕೈಗೂಡಿದೆ. ಆದ್ದರಿಂದ ಈ ಬರಹ.

ನಾನು ಆರಿಸಿಕೊಂಡದ್ದು ಎರಡನೆಯ ಮಹಾಯುದ್ಧದ ಕಾಲದ ಜರ್ಮನಿಯ ಏಳು-ಸಿ ಮಾದರಿಯ ಜಲಾಂತರ್ಗಾಮಿ, ಅದರಲ್ಲೂ ನಗುವ ಗರಗಸಮೀನಿನ ಲಾಂಛನವಿದ್ದ ಯು-96. ನಿಜದ ಹಡಗಿನ ಉದ್ದ 67.1 ಮೀಟರ್, 1/72ರಲ್ಲಿ ಅದು ಸುಮಾರು 93 ಸೆಂಟಿಮೀಟರ್. ಈ ಹಡಗಿಗೆ ಬಣ್ಣ ಹಚ್ಚುವವರಲ್ಲಿ ಬಹಳಷ್ಟು ಮಂದಿ ಅದನ್ನು ಹತ್ತಾರು ವರ್ಷ ಬಂದರಿನಲ್ಲಿ ಕೊಳೆತ ಸರಕುದೋಣಿಯಂತೆ ಮಾಡಿಬಿಡುತ್ತಾರೆ. ಯು-96 ಸೇವೆಗೆ ಸೇರಿದ್ದು 1940ರ ಸೆಪ್ಟೆಂಬರಿನಲ್ಲಿ, ಬಾಂಬಿಗೆ ಸಿಕ್ಕಿ ವಿಲ್‌ಹೆಲ್ಮ್ಸ್‌ಹಾವೆನ್‌ನಲ್ಲಿ ಮುಳುಗಿದ್ದು 1945ರ ಮಾರ್ಚ್‌ನಲ್ಲಿ. ಅದರ ಇಡೀ ಆಯುಷ್ಯವೇ ಐದು ವರ್ಷಕ್ಕೆ ಕಡಿಮೆ. ಗಸ್ತಿಗೆ ಹೋದರೆ ಕೆಲವು ವಾರ ಸಮುದ್ರದಲ್ಲಿದ್ದು, ಹಿಂದಿರುಗಿದ ಮೇಲೆ ದುರಸ್ತಿ ಮಾಡಿಸಿಕೊಂಡು ಬಣ್ಣ ಬಳಿಸಿಕೊಳ್ಳುತ್ತಿದ್ದ ಹಡಗು ಅದು. ಹಾಗಾಗಿ ನಾವು ತೋರಿಸಬೇಕಾದದ್ದು ಹೆಚ್ಚೆಂದರೆ ಆರೇಳು ವಾರಗಳ ತುಕ್ಕು: ಬೂದು ಬಣ್ಣದ ಮೇಲೆ ತೆಳುವಾಗಿ ಹರಡಿದ ಕಿತ್ತಳೆ ಛಾಯೆಯ ಕಲೆಯೇ ಹೊರತು ಪದರಪದರವಾಗಿ ಎದ್ದ ಕಬ್ಬಿಣವಲ್ಲ. ಇಂಥ ತೆಳು ಕಲೆಯನ್ನು ಕುಂಚದಿಂದ ನೂರಾರು ಗಂಡಿಗಳ ಕೆಳಗೆ ಬರೆದಾಗ ಇಪ್ಪತ್ತನೆಯದರ ಹೊತ್ತಿಗೆ ಕೈ ತನ್ನದೇ ಒಂದು ಲಯಕ್ಕೆ ಬಿದ್ದುಬಿಡುತ್ತದೆ. ಎಲ್ಲ ಗೆರೆಗಳೂ ಒಂದೇ ಉದ್ದ, ಒಂದೇ ಓರೆ. ನನ್ನ ಹಳೆಯ ಮೂರು ಮಾದರಿಗಳಲ್ಲೂ ಆ ದೋಷ ದೂರದಿಂದಲೇ ಕಾಣುತ್ತದೆ.

ನೀರು ಹರಿಯಬೇಕಾದರೆ ಮೊದಲು ಗಂಡಿಗಳು ತೆರೆದಿರಬೇಕು. ನನ್ನ ಕಿಟ್‌ನಲ್ಲಿ ಅವು ಬರೀ ಗುಳಿಗಳಾಗಿದ್ದವು. ಪಿನ್ ವೈಸ್ ಎಂಬ ಪುಟ್ಟ ಕೈಡ್ರಿಲ್‌ನಿಂದ ಒಂದೊಂದನ್ನೇ ಕೊರೆಯುವುದು ಎಲ್ಲರಿಗೂ ಗೊತ್ತಿರುವ ದಾರಿ, ಆದರೆ ಹಾಗೆ ಮಾಡಿದರೆ ಪ್ಲಾಸ್ಟಿಕ್ಕಿನ ಪೂರ್ತಿ ದಪ್ಪ ಗಂಡಿಯ ಅಂಚಿನಲ್ಲಿ ಕಾಣುತ್ತದೆ. ಎರಡು ಮಿಲಿಮೀಟರ್ ದಪ್ಪವೆಂದರೆ ನಿಜದಲ್ಲಿ ಹದಿನಾಲ್ಕು ಸೆಂಟಿಮೀಟರಿನ ಉಕ್ಕು. ಹೊರಕವಚದ ತೆಳು ತಗಡಿಗೆ ಅದು ಎಲ್ಲಿಯ ಹೋಲಿಕೆ? ನಾನು ಒಳಗಡೆಯಿಂದ ಉರುಟು ಬ್ಲೇಡಿನಿಂದ ಕೆರೆದು, ದೀಪಕ್ಕೆ ಹಿಡಿದು ನೋಡುತ್ತ, ಗುಳಿಗಳ ತಳ ತಾನೇ ಹರಿದುಹೋಗುವ ತನಕ ತೆಳ್ಳಗೆ ಮಾಡಿದೆ. ಎರಡೂ ಬದಿಗೆ ಸುಮಾರು ನಲವತ್ತು ಗಂಟೆ ಹಿಡಿದಿರಬೇಕು. ಗಂಡಿಗಳ ವಿನ್ಯಾಸ ಹಡಗು ಕಟ್ಟುವ ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ, ಒಂದು ಅವಧಿಯಿಂದ ಇನ್ನೊಂದಕ್ಕೆ ಬೇರೆಯಾಗಿತ್ತು. ಯು-96 ಕೀಲ್ ನಗರದ ಜರ್ಮಾನಿಯಾವೆರ್ಫ್ಟ್‌ನಲ್ಲಿ ಕಟ್ಟಿದ ಹಡಗಾದ್ದರಿಂದ, ಅದರ ಛಾಯಾಚಿತ್ರಗಳಿಗೆ ಹೊಂದದ ಕೆಲವು ಗಂಡಿಗಳನ್ನು ಪುಟ್ಟಿ ತುಂಬಿ ಮುಚ್ಚಿ, ಹೊಸದಾಗಿ ಕತ್ತರಿಸಬೇಕಾಯಿತು.

ಮೊದಲನೆಯ ಒಡಲಿನಲ್ಲಿ ನಾನು ಬಳಸಿದ್ದು ವೈಟ್ ಸ್ಪಿರಿಟ್‌ನಲ್ಲಿ ಕರಗಿಸಿದ ತೈಲವರ್ಣವನ್ನು. ಅದು ಅದ್ಭುತವಾಗಿ ಹರಿಯಿತು. ಮೊದಲ ಅರ್ಧ ಗಂಟೆ ನನಗೆ ಗೆದ್ದೆನೆಂದೇ ಅನಿಸಿತ್ತು. ಆಮೇಲೆ ಗೆರೆಗಳೆಲ್ಲ ಅಗಲಕ್ಕೆ ಹಬ್ಬಿಕೊಂಡು, ಪಕ್ಕದ ಉಬ್ಬುತೊಟ್ಟಿಗಳನ್ನು (ಒಡಲಿನ ಎರಡೂ ಬದಿಗೆ ಉಬ್ಬಿಕೊಂಡಿರುವ ತೊಟ್ಟಿಗಳನ್ನು) ಸುತ್ತಿ, ನೀರಿನ ಗೆರೆಯನ್ನೂ (ತೇಲುವ ಹಡಗಿಗೆ ನೀರು ಮುಟ್ಟುವ ಮಟ್ಟವನ್ನೂ) ದಾಟಿ ಅಡಿಯ ತನಕ ಇಳಿದವು. ಅದನ್ನಾದರೂ ಒರೆಸಬಹುದಿತ್ತು. ಎರಡು ದಿನದ ನಂತರ ನೋಡಿದರೆ ಎಡಬದಿಯ ಜೋಡಣೆಯ ಉದ್ದಕ್ಕೂ ಕೂದಲಿನಂಥ ಬಿರುಕುಗಳು ಕಾಣಿಸಿಕೊಂಡಿದ್ದವು. ಒಡಲಿನ ಒಳಭಾಗಕ್ಕೆ ನಾನು ಬಣ್ಣ ಹಾಕಿರಲಿಲ್ಲ. ಬಿಗಿದು ಅಂಟಿಸಿದ್ದ ಬರಿಯ ಪ್ಲಾಸ್ಟಿಕ್ಕಿನ ಮೇಲೆ ಸ್ಪಿರಿಟ್ ಗಂಟೆಗಟ್ಟಲೆ ನಿಂತು ತನ್ನ ಕೆಲಸ ಮಾಡಿತ್ತು. ಆ ಒಡಲಿಗೆ ಫೋಟೋ ಎಚ್ಚಿಂಗ್ ತಗಡುಗಳು (ರಾಸಾಯನಿಕದಿಂದ ಕೊರೆದ ತೆಳು ಲೋಹದ ಬಿಡಿಭಾಗಗಳು), ಕಡೆದ ಹಿತ್ತಾಳೆಯ ಫಿರಂಗಿ ಕೊಳವೆ, ರೆಸಿನ್‌ನ ಕಾನಿಂಗ್ ಟವರ್ (ಒಡಲಿನ ಮೇಲೆ ಎದ್ದು ನಿಲ್ಲುವ ಗೋಪುರ) ಎಲ್ಲವನ್ನೂ ಬೇರೆಯಾಗಿ ಕೊಂಡಿದ್ದೆ. ಎಲ್ಲ ಕೂಡಿಸಿದರೆ ಕಿಟ್‌ನ ಬೆಲೆಗಿಂತ ಎರಡೂವರೆ ಪಟ್ಟು ಹೆಚ್ಚುವರಿ ಖರ್ಚು. ಟವರ್ ಮತ್ತು ಫಿರಂಗಿ ಉಳಿದುಕೊಂಡವು, ತಗಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೀಳುವಾಗ ಬಾಗಿ ಹಾಳಾದವು. ಸಿದ್ಧ ತುಕ್ಕಿನ ವಾಶ್‌ಗಳೆಂದು (ತೆಳುವಾಗಿ ಹರಿಯುವ ಬಣ್ಣಗಳೆಂದು) ಕೊಂಡಿದ್ದ ಐದಾರು ಬಾಟಲಿಗಳ ಹಣವೂ ಅದರ ಜೊತೆಗೇ ಹೋಯಿತು. ಅವುಗಳ ಬದಲಿಗೆ ಬರ್ನ್ಟ್ ಸಿಯೆನ್ನಾ, ಬರ್ನ್ಟ್ ಅಂಬರ್ ಮತ್ತು ಹಳದಿ ಓಕರ್‌ನ ಒಣ ಪಿಗ್ಮೆಂಟ್ (ಬಣ್ಣದ ಪುಡಿ) ತಂದುಕೊಂಡೆ. ಕಿಟ್‌ನ ಬೆಲೆಯ ಹತ್ತನೆಯ ಒಂದು ಪಾಲೂ ಆಗದ ಆ ಮೂರು ಡಬ್ಬಿಗಳು ಇನ್ನೂ ಮುಕ್ಕಾಲು ತುಂಬಿವೆ.

ಎರಡನೆಯ ಒಡಲಿನ ಒಳಗೆ ಎರಡು ಪದರ ವಾರ್ನಿಷ್ ಬಳಿದು, ಗಂಡಿಗಳ ಸಾಲಿಗಿಂತ ತುಸು ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆಯ ನೆಲವೊಂದನ್ನು ಕೂರಿಸಿದೆ. ಮನೆಯ ಮಾಡಿನಂತೆ ನಡುವೆ ಎತ್ತರವಾಗಿ ಎರಡೂ ಬದಿಗೆ ಇಳಿಜಾರಾಗಿದ್ದ ಆ ನೆಲದ ಅಂಚನ್ನು ಎಪಾಕ್ಸಿಯಿಂದ ಮುಚ್ಚಿದೆ. ಈ ರಚನೆ ಸರಿಯಾಗಿಯೇ ಇತ್ತು, ಇಂದಿಗೂ ಅದನ್ನೇ ಬಳಸುತ್ತಿದ್ದೇನೆ. ತಪ್ಪಿದ್ದು ದ್ರವದಲ್ಲಿ. ಬರಿಯ ನೀರಿನಲ್ಲಿ ಪಿಗ್ಮೆಂಟ್ ಕಲಸಿ ಸಿರಿಂಜ್‌ನಿಂದ ಬಿಟ್ಟಾಗ, ಜೊತೆಯ ಹವ್ಯಾಸಿಗಳು ಹೇಳಿದಂತೆಯೇ ಗಂಡಿಯ ತುಟಿಯಲ್ಲಿ ಹನಿ ದಪ್ಪವಾಗಿ ನಿಂತು, ಒಮ್ಮೆಲೇ ಜಾರಿ, ಕೆಳಗೆ ಉಂಗುರದಂಥ ಕಲೆ ಬಿಟ್ಟಿತು. ಒಣಗುವ ಹನಿ ತನ್ನ ಬಣ್ಣವನ್ನೆಲ್ಲ ಅಂಚಿಗೆ ತಳ್ಳುವುದರಿಂದ ಆದ ಉಂಗುರ ಅದು. ನೀರಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸಿದೆ. ಹನಿ ನಿಲ್ಲಲಿಲ್ಲ, ಆದರೆ ಕೆಳಗಿದ್ದ ಅಕ್ರಿಲಿಕ್ ಬೂದು ಬಣ್ಣವೂ ಅದರೊಡನೆ ಎದ್ದು ಬಂದು ಪ್ರೈಮರ್ ಕಾಣಿಸಿತು. ಬಣ್ಣ ಬಿಡಿಸಿ ಮತ್ತೆ ಹಚ್ಚುವುದನ್ನು ಎರಡು ಸಲ ಮಾಡಿದೆ. ಮೂರನೆಯ ಸಲಕ್ಕೆ ತೆಳ್ಳಗಿದ್ದ ಗಂಡಿಗಳ ನಡುವಿನ ಕಂಬಗಳು ಮುರಿಯತೊಡಗಿದವು. ಆ ಒಡಲನ್ನು ಎಸೆಯಲಿಲ್ಲ. ಪರೀಕ್ಷೆಗಳಿಗೆಲ್ಲ ಈಗ ಅದೇ ಆಧಾರ.

ಪರಿಹಾರ ಸಿಕ್ಕಿದ್ದು ಆ ಪರೀಕ್ಷೆಯ ಒಡಲಿನ ಮೇಲೆಯೇ. ಮೇಲ್ಮೈ ಪೂರ್ತಿ ಮ್ಯಾಟ್, ಅಂದರೆ ಹೊಳಪಿಲ್ಲದ್ದು, ಆಗಿರಬೇಕು. ವಾಶ್‌ಗೆ ಮುನ್ನ ಹೊಳಪಿನ ವಾರ್ನಿಷ್ ಎಂಬ ನಮ್ಮೆಲ್ಲರ ರೂಢಿಯನ್ನು ಇಲ್ಲಿ ಕೈಬಿಡಬೇಕು, ಏಕೆಂದರೆ ನುಣುಪಿನ ಮೇಲೆ ನೀರು ಮುದುಡಿಕೊಳ್ಳುತ್ತದೆ, ಒರಟಿನ ಮೇಲೆ ಹರಡಿಕೊಂಡು ಹಿಡಿಯುತ್ತದೆ. ನೀರಿಗೆ ಪಾತ್ರೆ ತೊಳೆಯುವ ದ್ರಾವಣದ ಒಂದು ಹನಿ ಸೇರಿಸಬೇಕು. ಒಂದು ಲೋಟಕ್ಕೆ ಒಂದೇ, ಎರಡಾದರೆ ಒಣಗಿದ ಮೇಲೆ ಮಂಜು ಕವಿದಂತೆ ಕಾಣುತ್ತದೆ. ಪಿಗ್ಮೆಂಟ್ ನನ್ನ ಲೆಕ್ಕದಲ್ಲಿ ನಲವತ್ತು ಪಾಲು ನೀರಿಗೆ ಒಂದು ಪಾಲು, ಅಂದರೆ ಒಂದು ಸಲ ಹರಿಸಿದರೆ ಕಣ್ಣಿಗೆ ಏನೂ ಕಾಣಿಸದಷ್ಟು ತೆಳು. ಗಂಡಿಯ ಕೆಳಗಿನ ಭಾಗವನ್ನು ಒದ್ದೆ ಕುಂಚದಿಂದ ಮೊದಲೇ ತೇವ ಮಾಡಿ, ಒಳಗಿನ ಮಾಡಿನ ಮೇಲೆ ದ್ರವ ಬಿಟ್ಟು, ಇಳಿದದ್ದನ್ನು ನೀರಿನ ಗೆರೆಯಲ್ಲಿ ಹೀರುಕಾಗದದಿಂದ ಹಿಡಿದುಕೊಳ್ಳಬೇಕು. ಪೂರ್ತಿ ಒಣಗಿದ ಮೇಲೆ ಮತ್ತೊಮ್ಮೆ. ಹನಿಗೂಡಿ ಹಳ್ಳವಾಗುವ ಹಾಗೆ, ಏಳನೆಯ ಎಂಟನೆಯ ಸಲಕ್ಕೆ ಛಾಯೆ ಕಾಣತೊಡಗುತ್ತದೆ. ನಾನು ಹದಿನಾಲ್ಕೋ ಹದಿನೈದೋ ಸಲ ಹರಿಸಿ ನಿಲ್ಲಿಸಿದೆ. ಪಿಗ್ಮೆಂಟ್ ಬೆರಳಿಗೆ ಅಂಟದೆ ನಿಲ್ಲಲು ದ್ರವಕ್ಕೆ ಇನ್ನೊಂದು ವಸ್ತುವನ್ನೂ ಸೇರಿಸುತ್ತೇನೆ. ಅದು ಯಾವುದೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎರಡು ವರ್ಷದ ಹುಡುಕಾಟದ ಫಲ ಅದು, ಅದಿಲ್ಲದೆಯೂ ಕೊನೆಯಲ್ಲಿ ಮ್ಯಾಟ್ ವಾರ್ನಿಷ್ ಸಿಂಪಡಿಸಿ ಕೆಲಸ ನಡೆಸಬಹುದು.

ಮೂರನೆಯ ಒಡಲಿಗೆ ಹರಿಸುವಾಗ, ಮೊದಲ ಹತ್ತು ಸಲ ಅದನ್ನು ತೊಟ್ಟಿಲಿನಲ್ಲಿ ಸಮವಾಗಿಯೇ ಇಟ್ಟಿದ್ದೆ. ಕೊನೆಯ ಕೆಲವನ್ನು ಐದಾರು ಡಿಗ್ರಿ ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ವಾಲಿಸಿ, ಮುಂಗೋಟನ್ನು ಸ್ವಲ್ಪ ಎತ್ತಿ ಹರಿಸಿದೆ. ಅಲೆಗಳಲ್ಲಿ ಹೊರಳುತ್ತ ಸಾಗುವ ಹಡಗಿನಲ್ಲಿ ನೀರು ಒಂದೇ ದಾರಿಯಲ್ಲಿ ಇಳಿಯುವುದಿಲ್ಲವಲ್ಲ. ಇದರ ಫಲವಾಗಿ ನಾನು ಊಹಿಸಿಯೂ ಇರದ ಒಂದು ಸಂಗತಿ ನಡೆಯಿತು. ಗೆರೆಗಳು ಉಬ್ಬುತೊಟ್ಟಿಯ ಭುಜದ ಮೇಲೆ ಬಿದ್ದ ಕಡೆ ಕ್ಷಣ ತಡೆದು, ಅಗಲವಾಗಿ, ಅಲ್ಲಿಂದ ಮಸುಕಾಗಿ ಮುಂದೆ ಇಳಿದಿದ್ದವು. ಎಲ್ಲರಿಗಿಂತ ಹೆಚ್ಚು ಸಂದೇಹಪಟ್ಟಿದ್ದ ಹಿರಿಯ ಹವ್ಯಾಸಿಯೊಬ್ಬರು ಯುದ್ಧಕಾಲದ ಛಾಯಾಚಿತ್ರವೊಂದನ್ನು ಮಾದರಿಯ ಪಕ್ಕಕ್ಕೆ ಹಿಡಿದು ಬಹಳ ಹೊತ್ತು ನೋಡಿ, ಆ ಭುಜದ ಕಲೆಯನ್ನು ಹೇಗೆ ಬರೆದಿರಿ ಎಂದು ಕೇಳಿದರು. ಬರೆದಿಲ್ಲ ಎಂದು ಹೇಳುವಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಗೆರೆಗಳ ಅಗಲವನ್ನು ಅಳೆದಾಗ ಬಹುಪಾಲು ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿದ್ದವು. ನಿಜದಲ್ಲಿ ಮೂರೂವರೆ ಸೆಂಟಿಮೀಟರ್, ಅಂದರೆ ನಂಬಬಹುದಾದ ಅಗಲ.

ಈ ನಡುವೆ ನಿಜವಾದ ತುಕ್ಕನ್ನೇ ಬಳಸುವ ಆಸೆಯೂ ಹುಟ್ಟಿತು. ಉಕ್ಕಿನ ಉಣ್ಣೆಯನ್ನು ಸಾಬೂನಿನಿಂದ ತೊಳೆದು ಎಣ್ಣೆ ತೆಗೆದು, ವಿನೆಗರ್‌ನಲ್ಲಿ ಸುಮಾರು ಒಂದು ವಾರ ನೆನೆಸಿ, ಬಂದ ಕೆಸರನ್ನು ಒಣಗಿಸಿ ಅರೆದೆ. ಬಣ್ಣ ಸೊಗಸಾಗಿತ್ತು, ಆದರೆ ಕಣಗಳು ಎಷ್ಟು ಅರೆದರೂ ದಪ್ಪ. ಗಂಡಿಗಳ ಒಳಗೆ ಕೂರಿಸಲು ಮಾತ್ರ ಒದಗಿತು. ಅದರಲ್ಲಿ ಉಳಿದ ಆಮ್ಲ ಹತ್ತಿರವಿದ್ದ ಹಿತ್ತಾಳೆಯ ಕಂಬಿಗಳಿಗೆ ಹಸಿರು ಕಿಲುಬು ಹಿಡಿಸಿದ್ದರಿಂದ ಅಲ್ಲಿಂದಲೂ ಅದನ್ನು ಉಜ್ಜಿ ತೆಗೆದೆ. ಇನ್ನೊಂದು ಪ್ರಯೋಗ 1/350ರ, ರಷ್ಯಾದ ಕಿಲೋ ದರ್ಜೆಯ ಜಲಾಂತರ್ಗಾಮಿಯ ಮೇಲೆ ನಡೆಯಿತು. ಇಪ್ಪತ್ತೊಂದು ಸೆಂಟಿಮೀಟರಿನಷ್ಟೇ ಇರುವ ಆ ಮಾದರಿಯಲ್ಲಿ ನನ್ನ ವಿಧಾನಕ್ಕೆ ಜಾಗವಿಲ್ಲ. ಮೇಲಾಗಿ ರಬ್ಬರ್ ಹೆಂಚುಗಳನ್ನು ಹೊದ್ದ ಒಡಲು ಹಾಗೆ ತುಕ್ಕು ಸೋರುವುದೂ ಇಲ್ಲ. ಅಲ್ಲಿ ಕಾಣುವುದು ಮಾಸಿದ ಕಪ್ಪು, ಅಲ್ಲಲ್ಲಿ ಕಳಚಿಬಿದ್ದ ಹೆಂಚುಗಳ ಚೌಕಗಳು, ನೀರಿನ ಗೆರೆಯಲ್ಲಿ ಪಾಚಿಯ ಪಟ್ಟಿ. ಮಾಸ್ಕಿಂಗ್ ಟೇಪನ್ನು ಒಂದೂವರೆ ಮಿಲಿಮೀಟರಿನ ಚೌಕಗಳಾಗಿ ಕತ್ತರಿಸಿ ಅಂಟಿಸಿ, ಮೂರು ಬಗೆಯ ಕಪ್ಪು ಹೊಡೆದು ಕಿತ್ತಾಗ ಆ ಚೌಕಗಳು ಚೆನ್ನಾಗಿಯೇ ಬಂದವು. ಆದರೆ ಅದು ಬೇರೆಯದೇ ಕೆಲಸ.

ಯು-96ಕ್ಕೆ ಮರಳಿದರೆ, ಅದರ ಲಂಗರು ಬಲಬದಿಯಲ್ಲಿ ಮಾತ್ರ ಇರುವುದರಿಂದ ಅದರ ಕೆಳಗಿನ ಕಲೆಯೂ ಬಲಬದಿಯಲ್ಲೇ ಇರಬೇಕು. ಅಲ್ಲಿಗೆ ಒಳಗಿನ ನೀರು ತಲುಪದ ಕಾರಣ ಅದೊಂದನ್ನು ಕುಂಚದಿಂದಲೇ ಮಾಡಿದೆ. ಹಿಂಭಾಗದ ಎರಡೂ ಬದಿಯ ಡೀಸೆಲ್ ಹೊಗೆಗಂಡಿಗಳ ಬಳಿ ಕಪ್ಪು ಮತ್ತು ಗಾಢ ಕಂದು ಪಿಗ್ಮೆಂಟನ್ನು ಒಣದಾಗಿಯೇ ತಟ್ಟಿದೆ. ಮೇಲ್ಗಟ್ಟೆಯ (ಡೆಕ್‌ನ) ಮರದ ಹಲಗೆಗಳಿಗೆ ಕಪ್ಪು ರಕ್ಷಕ ಲೇಪ ಹಚ್ಚುತ್ತಿದ್ದರು ಎಂಬುದನ್ನು ಮರೆತು ಅವನ್ನು ಹೊಸ ತೇಗದಂತೆ ಹೊಳೆಯಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ನಾನು ಕಪ್ಪಿಗೆ ತೀರ ಹತ್ತಿರದ ಬೂದು ಹಚ್ಚಿ, ಹೆಜ್ಜೆ ಬೀಳುವ ಕಡೆ, ಅಂದರೆ ಟವರಿನ ಸುತ್ತ ಮತ್ತು ಫಿರಂಗಿಯ ಹಿಂದೆ, ಅಲ್ಪಸ್ವಲ್ಪ ಮರದ ಬಣ್ಣ ತೋರುವಂತೆ ಉಜ್ಜಿದೆ. ಮೇಲ್ಗಟ್ಟೆಯನ್ನು ಎಲ್ಲಕ್ಕಿಂತ ಕೊನೆಗೆ ಅಂಟಿಸಬೇಕು, ಇಲ್ಲವಾದರೆ ಒಳಗೆ ದ್ರವ ಬಿಡಲು ದಾರಿಯೇ ಇರುವುದಿಲ್ಲ. ಆಂಟೆನಾ ತಂತಿಯ ಅವಾಹಕಗಳಿಗೆ ಬಿಳಿ ಅಂಟಿನ ಹನಿಗಳೇ ಸಾಕಾದವು.

ಮಾದರಿ ಮುಗಿದು ಏಳೆಂಟು ತಿಂಗಳಾಗಿವೆ, ಕಲೆಗಳು ಕದಲಿಲ್ಲ. ಮೂರನೆಯ ಒಡಲಿಗೆ ತುಕ್ಕಿಗಾಗಿಯೇ ಖರ್ಚಾದದ್ದು ಪಿಗ್ಮೆಂಟ್, ಹೀರುಕಾಗದ ಮತ್ತು ಎರಡು ಸಿರಿಂಜ್ ಮಾತ್ರ. ಸಮಯ ಮಾತ್ರ ಒಣಗಲು ಕಾದದ್ದೂ ಸೇರಿ ಮೂರು ವಾರ. ಈಗ ಮೇಜಿನ ಮೇಲಿರುವುದು 1/72ರ ಅಮೆರಿಕದ ಗಾಟೋ ದರ್ಜೆಯ ಜಲಾಂತರ್ಗಾಮಿ, ಉದ್ದ 132 ಸೆಂಟಿಮೀಟರ್. ಅದಕ್ಕೆ ಒಳಗಿನ ಮಾಡನ್ನು ಒಂದೇ ಉದ್ದಕ್ಕೆ ಕೂರಿಸದೆ ಮೂರು ತುಂಡುಗಳಾಗಿ ಮಾಡುತ್ತಿದ್ದೇನೆ, ಒಂದೊಂದು ಭಾಗಕ್ಕೆ ಬೇರೆ ಬೇರೆ ಛಾಯೆ ಹರಿಸುವ ಉದ್ದೇಶದಿಂದ. ಬಲಬದಿಯ ಗಂಡಿಗಳು ತೆರೆದಾಗಿವೆ. ಎಡಬದಿಯಲ್ಲಿ ಟವರಿನ ಕೆಳಗಿನ ತನಕ ಬಂದಿದ್ದೇನೆ.