ಹಿತ್ತಲಲ್ಲಿ ಬಚ್ಚಲು ಕಟ್ಟಿಸಿದ್ದು: ನೀರು ಹೋಗುವ ಕಡೆಯಿಂದ ಶುರು ಮಾಡಿದೆವು

ಹಿತ್ತಲಲ್ಲಿ ಬಚ್ಚಲು ಕಟ್ಟಿಸುವವರು ಸಾಮಾನ್ಯವಾಗಿ ಮೊದಲು ಕಲ್ಲು ನೋಡಲು ಹೋಗುತ್ತಾರೆ. ಇಲ್ಲದಿದ್ದರೆ ಶವರ್ ನೋಡಲು. ನಾವು ಮೊದಲು ನೋಡಿದ್ದು, ಸ್ನಾನದ ನೀರು ಎಲ್ಲಿಗೆ ಹೋಗಿ ಸೇರಬೇಕು ಅನ್ನುವುದನ್ನು. ಅಲ್ಲಿಂದ ಹಿಂದಕ್ಕೆ ಬಂದೆವು. ಮೊದಲು ಗುಂಡಿ, ಆಮೇಲೆ ಕಾಲುವೆ, ಆಮೇಲೆ ನೆಲ, ಗೋಡೆ, ಎಲ್ಲಕ್ಕಿಂತ ಕೊನೆಗೆ ಹಂಡೆ. ಕಟ್ಟಿಸಿ ಕೆಲವು ಮಳೆಗಾಲ ಕಳೆದಿವೆ. ಈ ಕ್ರಮವೇ ಸರಿ ಅಂತ ನನಗೆ ಈಗ ಗಟ್ಟಿಯಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮೈಸೂರಿನ ಹಳೇ ಬಡಾವಣೆ, 50-80ರ ಸೈಟು. ಮನೆ ಹಿಂದೆ ಸಾಕಷ್ಟು ಜಾಗ ಇದೆ. ಎರಡು ತೆಂಗು, ಒಂದು ನುಗ್ಗೆ, ಒಂದು ಕರಿಬೇವು. ಅತ್ತೆ ಪಾಂಡವಪುರದ ಕಡೆಯವರು. ಒಳಗಿನ ಬಾತ್‌ರೂಮು ಅವರಿಗೆ ಎಂದೂ ಹಿಡಿಸಲಿಲ್ಲ. "ಇದ್ರೊಳಗೆ ನೀರು ಹುಯ್ಕೊಂಡ್ರೆ ಹುಯ್ಕೊಂಡಂಗೇ ಇರಲ್ಲ ಕಣಮ್ಮ" ಅನ್ನುತ್ತಿದ್ದರು. ಎಣ್ಣೆ ನೀರಿನ ದಿನವಂತೂ ಟೈಲ್ಸ್ ಮೇಲೆ ಅವರು ಕಾಲಿಡುವುದನ್ನು ನೋಡಿದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಇನ್ನೊಂದು ಕಡೆ ತೆಂಗಿನ ಗರಿ, ಮಟ್ಟೆ, ಸಿಪ್ಪೆ ರಾಶಿ ಬೀಳುತ್ತಿತ್ತು. ಅದನ್ನು ಉರಿಸಲು ಒಂದು ಒಲೆ, ಒಲೆ ಮೇಲೆ ಊರಿನಿಂದ ತಂದಿದ್ದ ತಾಮ್ರದ ಹಂಡೆ, ಪಕ್ಕದಲ್ಲಿ ಕೂತು ಸ್ನಾನ ಮಾಡಲು ಕಲ್ಲಿನ ನೆಲ. ನಮಗೆ ಬೇಕಾಗಿದ್ದು ಇಷ್ಟೇ.

ಮೊದಲು ನೀರಿನ ಲೆಕ್ಕ. ಒಬ್ಬರ ಮೈಸ್ನಾನಕ್ಕೆ ಒಂದು ದೊಡ್ಡ ಬಕೆಟ್, ಸುಮಾರು 20 ಲೀಟರ್. ತಲೆಗೆ ಎರೆದುಕೊಂಡರೆ ಅದರ ಎರಡರಷ್ಟು. ಶವರ್ ಇಟ್ಟರೆ ನಿಮಿಷಕ್ಕೆ 8-10 ಲೀಟರ್ ಹೋಗುತ್ತದೆ, ಅದಕ್ಕೇ ನಾವು ಇಡಲಿಲ್ಲ. ಮನೆಯಲ್ಲಿ ನಾಲ್ಕು ಜನ ಅಂದರೆ ದಿನಕ್ಕೆ 100ರಿಂದ 150 ಲೀಟರ್ ನೀರು ನೆಲಕ್ಕೆ ಬೀಳುತ್ತದೆ. ಇಷ್ಟನ್ನು ಬೀದಿಯ ಮಳೆನೀರಿನ ಚರಂಡಿಗೆ ಬಿಡುವುದು ತಪ್ಪು. ಯುಜಿಡಿಗೆ, ಅಂದರೆ ನೆಲದಡಿಯ ಒಳಚರಂಡಿಗೆ ಸೇರಿಸಬಹುದು, ಆದರೆ ಮಾರ್ಚ್ ಬಂತೆಂದರೆ ಗಿಡಗಳೆಲ್ಲ ಬಾಡುವ ಹಿತ್ತಲಲ್ಲಿ ಅಷ್ಟು ನೀರನ್ನು ಸುಮ್ನೆ ಪೈಪಿಗೆ ಬಿಡಲು ನನಗೆ ಮನಸ್ಸಾಗಲಿಲ್ಲ.

ಮಣ್ಣು ನೀರು ಕುಡಿಯುತ್ತದೋ ಇಲ್ಲವೋ ನೋಡುವುದು ಸುಲಭ. ಗುಂಡಿ ತೋಡಬೇಕೆಂದಿರುವ ಜಾಗದಲ್ಲಿ ಒಂದಡಿ ಆಳ, ಒಂದಡಿ ಅಗಲ ತೋಡಿ. ನೀರು ತುಂಬಿ ಇಂಗಲು ಬಿಡಿ. ಇಂಗಿದ ಮೇಲೆ ಮತ್ತೆ ತುಂಬಿ. ಎರಡನೇ ಸಲ ಎಷ್ಟು ಹೊತ್ತಿಗೆ ಇಳಿಯುತ್ತದೆ ಅನ್ನುವುದೇ ಲೆಕ್ಕ, ಮೊದಲ ಸಲ ಒಣ ಮಣ್ಣು ಹೇಗೂ ಹೀರಿಕೊಳ್ಳುತ್ತದೆ. ನಮ್ಮದು ಕೆಂಪು ಮಣ್ಣು. ಗಂಟೆಯೊಳಗೆ ತಳ ಕಂಡಿತು. ಅರ್ಧ ದಿನವಾದರೂ ನೀರು ನಿಂತೇ ಇದ್ದರೆ ಅಲ್ಲಿ ಇಂಗುಗುಂಡಿಯ ಆಸೆ ಬಿಡಬೇಕು.

ಗುಂಡಿಯನ್ನು ಮನೆ ಪಾಯದಿಂದ 10 ಅಡಿಗಿಂತ ದೂರ ಇಟ್ಟೆವು. ಬೋರ್‌ವೆಲ್ ಮುಂದೆ ಗೇಟಿನ ಹತ್ತಿರ, ಗುಂಡಿ ಹಿಂದೆ ಮೂಲೆಯಲ್ಲಿ. ನಾಲ್ಕಡಿ ಅಗಲ, ಮೂರಡಿ ಆಳ. ತಳಕ್ಕೆ ಇಟ್ಟಿಗೆ ಚೂರು, ಮೇಲೆ ದಪ್ಪ ಜೆಲ್ಲಿ, ಅದರ ಮೇಲೆ ತೆಂಗಿನ ಸಿಪ್ಪೆ, ತರಗೆಲೆ. ಪೈಪಿನ ಬಾಯಿ ಜೆಲ್ಲಿಯೊಳಗೆ ಬರುವಂತೆ ಇಟ್ಟು ಮೇಲೆ ತರಗು ಮುಚ್ಚಿದ್ದೇವೆ. ನೀರು ಕಣ್ಣಿಗೆ ಕಾಣಬಾರದು. ಕಂಡರೆ ಸೊಳ್ಳೆಗೂ ಕಾಣುತ್ತದೆ. ತೋಡಿದ ಮಣ್ಣನ್ನು ಸುತ್ತ ದಿಂಡಿನ ಹಾಗೆ ಏರಿಸಿ ಅದರ ಮೇಲೆ ಬಾಳೆ ಹಾಕಿದೆವು.

ಯಾವ ಬಾಳೆ ಅನ್ನುವುದಕ್ಕೆ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ನಂಜನಗೂಡು ರಸಬಾಳೆ ಹಾಕಬೇಕು ಅಂತ ನಮ್ಮ ಮನೆಯವರ ಆಸೆ. ಆದರೆ ರಸಬಾಳೆಗೆ ಪನಾಮ ಸೊರಗು ರೋಗ ಬೇಗ ತಗಲುತ್ತದೆ, ರೋಗ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ದಿನಾ ತೇವ ಇರುವ ಜಾಗದಲ್ಲಿ ಆ ಸಾಹಸ ಬೇಡ ಅಂತ ಪಚ್ಚಬಾಳೆ ಹಾಕಿದೆವು. ನಡುನಡುವೆ ಕೆಸು, ಕಾಬಾಳೆ. ಸೊಪ್ಪು, ಮೂಲಂಗಿ, ಕ್ಯಾರೆಟ್ ತರಹದ್ದನ್ನು ಈ ನೀರಿನಲ್ಲಿ ಬೆಳೆಯಬೇಡಿ, ಸೋಪಿನ ನೀರು ನೇರವಾಗಿ ಅವಕ್ಕೆ ತಾಗುತ್ತದೆ. ಫಿನಾಯಿಲ್, ಆಸಿಡ್, ಬ್ಲೀಚಿಂಗ್ ಪೌಡರ್ ಈ ಬಚ್ಚಲಿಗೆ ಬರುವ ಹಾಗೇ ಇಲ್ಲ. ಬಟ್ಟೆ ಒಗೆಯುವುದೂ ಇಲ್ಲಿ ಬೇಡ.

ಗುಂಡಿಯಿಂದ ಹಿಂದಕ್ಕೆ ಕಾಲುವೆ. ಪ್ಲಂಬರ್ ನಹನಿ ಟ್ರ್ಯಾಪ್ ಹಾಕೋಣ ಅಂದರು. ಮನೆಯೊಳಗೆ ಅದು ಬೇಕೇ ಬೇಕು, ಚರಂಡಿ ವಾಸನೆ, ಜಿರಲೆ ಒಳಗೆ ಬರದಂತೆ ತಡೆಯುತ್ತದೆ. ಹೊರಗೆ, ಬಾಳೆ ಬುಡಕ್ಕೆ ಹೋಗುವ ನೀರಿಗೆ ಅದು ಬೇಡ ಅಂತ ನಾನು ಹಟ ಹಿಡಿದೆ. ಬಚ್ಚಲ ಅಂಚಿನಲ್ಲಿ ಒಂದು ಗೇಣು ಅಗಲದ ತೆರೆದ ಕಾಲುವೆ, ಕೊನೆಯಲ್ಲಿ ಕೂದಲು, ಸೀಗೆ ಚರಟ ಹಿಡಿಯಲು ಸ್ಟೀಲ್ ಜರಡಿ, ಅಲ್ಲಿಂದ 3 ಇಂಚಿನ ಪೈಪು. ಏನಾದರೂ ಕಟ್ಟಿಕೊಂಡರೆ ಕಣ್ಣಿಗೇ ಕಾಣುತ್ತದೆ. ಕೈಯಲ್ಲಿ ತೆಗೆದರೆ ಮುಗಿಯಿತು. ಜರಡಿ ಇದ್ದರೆ ಹಾವು, ಇಲಿ ಪೈಪಿನಿಂದ ಮೇಲೆ ಬರುವ ಭಯವೂ ಇರುವುದಿಲ್ಲ.

ಇನ್ನು ನೆಲ. ನಾನು ಅತಿ ಜಾಸ್ತಿ ಹೊತ್ತು ನಿಂತು ನೋಡಿದ ಕೆಲಸ ಇದೇ. ಆರಡಿಗೆ ಆರಡಿ ಜಾಗ. ಮಣ್ಣು ತೆಗೆದು ನೀರು ಹಾಕಿ ದಮ್ಮಸು ಹೊಡೆದು, ಮೇಲೆ 4 ಇಂಚು ಕಾಂಕ್ರೀಟು. ವಾಟವನ್ನು, ಅಂದರೆ ನೀರು ಹರಿಯಲು ಬೇಕಾದ ಇಳಿಜಾರನ್ನು, ಕಲ್ಲು ಹಾಕುವಾಗ ಕೊಟ್ಟರಾಯಿತು ಅಂತ ಕೆಲವರು ಬಿಟ್ಟುಬಿಡುತ್ತಾರೆ. ನಮ್ಮ ಮೇಸ್ತ್ರಿ ಕಾಂಕ್ರೀಟಿನಲ್ಲೇ ಕೊಟ್ಟರು. ಅಡಿಗೆ ಕಾಲಿಂಚು, ಅಂದರೆ ಆರಡಿಗೆ ಒಂದೂವರೆ ಇಂಚು. ಒಳಗಿನ ಬಾತ್‌ರೂಮಿಗೆ ಇಷ್ಟು ಬೇಕಾಗುವುದಿಲ್ಲ. ಹೊರಗೆ ಎಲೆ, ಮಣ್ಣು ಬೀಳುತ್ತದೆ, ಕಲ್ಲು ಒರಟು, ಹಾಗಾಗಿ ನೀರಿಗೆ ಸ್ವಲ್ಪ ತಳ್ಳು ಬೇಕು.

ಕಲ್ಲು ಎರಡು ಇಂಚು ದಪ್ಪದ ಚಪ್ಪಡಿ, ಮೇಲೆ ಉಳಿ ಹೊಡೆದದ್ದು. ಕಡಪ ಕಲ್ಲು ಅಗ್ಗ ಅಂತ ಅಂಗಡಿಯವರು ತೋರಿಸಿದರು. ನುಣುಪಾದ ಕಡಪ ಒದ್ದೆಯಾದರೆ ಜಾರುತ್ತದೆ, ಎಣ್ಣೆ ಬಿದ್ದರೆ ಕೇಳುವುದೇ ಬೇಡ. ಪಾಲಿಶ್ ಗ್ರಾನೈಟಿಗೂ ಇದೇ ಮಾತು. ನೀವು ಕಲ್ಲು ಕೊಳ್ಳುವ ಮುಂಚೆ ಅಂಗಡಿಯಲ್ಲೇ ಮೇಲೆ ನೀರು ಹಾಕಿ, ಚಪ್ಪಲಿ ಬಿಟ್ಟು ನಿಂತು ನೋಡಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಕಲ್ಲು ಕೂರಿಸಿದ ಮೇಲೆ, ಸಂದಿಗೆ ಗಾರೆ ತುಂಬುವ ಮುಂಚೆ, ಮೇಸ್ತ್ರಿ ರಸಮಟ್ಟ ಪಕ್ಕಕ್ಕಿಟ್ಟು ಒಂದು ಚೊಂಬು ನೀರು ಕೇಳಿದರು. ಎತ್ತರದ ಮೂಲೆಯಲ್ಲಿ ಕೂತು ನಿಧಾನಕ್ಕೆ ಬಿಟ್ಟರು. ನೀರು ಎರಡು ಕಲ್ಲು ದಾಟಿ, ಮೂರನೆಯದರ ಅಂಚಿಗೆ ಬಂದು ತಿರುಗಿ, ಒಂದು ಅಂಗೈಯಷ್ಟು ಜಾಗದಲ್ಲಿ ನಿಂತುಬಿಟ್ಟಿತು. "ನೋಡಿದ್ರಾ ಅಕ್ಕ, ಪಾಚಿ ಹುಟ್ಟೋದು ಇಲ್ಲೇ" ಅಂದರು. ಆ ಕಲ್ಲನ್ನು ಹಾರೆಯಿಂದ ಮೆಲ್ಲಗೆ ಎತ್ತಿ, ಕೆಳಗೆ ಒಂದು ಬೊಗಸೆ ಗಾರೆ ಹಾಕಿ, ಮರದ ಸುತ್ತಿಗೆಯಿಂದ ತಟ್ಟಿ ಕೂರಿಸಿದರು. ಮತ್ತೆ ಒಂದು ಚೊಂಬು. ಈ ಸಲ ನೀರು ಎಲ್ಲೂ ನಿಲ್ಲದೆ ಕಾಲುವೆಗೆ ಬಿತ್ತು. ರಸಮಟ್ಟ ಒಂದೊಂದು ಕಲ್ಲಿನ ಮಟ್ಟ ಹೇಳುತ್ತದೆ, ಇಡೀ ನೆಲದ ಮಟ್ಟ ಹೇಳುವುದು ನೀರೇ. ಯಾವ ಮೇಸ್ತ್ರಿ ಮಾಡಿದರೂ ಸಂದಿ ತುಂಬುವ ಮುಂಚೆ ಈ ಪರೀಕ್ಷೆ ಮಾಡಿಸಿ. ಆಮೇಲೆ ವಾರಕ್ಕೆ ಕಡಿಮೆ ಇಲ್ಲದಂತೆ ಗೋಣಿ ತಾಟು ಹಾಸಿ ಒದ್ದೆ ಇಡಬೇಕು.

ಅತ್ತೆಗೆ ಮಂಡಿ ನೋವು. ಮಣೆ ಮೇಲೆ ಕೂತರೆ ಏಳಲು ಆಗುವುದಿಲ್ಲ. ಅದಕ್ಕೆ 16 ಇಂಚು ಎತ್ತರದ ಕಲ್ಲಿನ ಕಟ್ಟೆ ಮಾಡಿಸಿದೆವು, ಪಕ್ಕದ ಗೋಡೆಗೆ ಹಿಡಿದುಕೊಳ್ಳಲು ಸ್ಟೀಲ್ ಕಂಬಿ. ವಯಸ್ಸಾದವರು ಇಲ್ಲದ ಮನೆಯಲ್ಲೂ ಇವೆರಡನ್ನು ಬಿಡಬೇಡಿ.

ಜಾಗ ಆರಿಸುವಾಗ ಬೆಳಗಿನ ಬಿಸಿಲು ಬೀಳುವ ಕಡೆ ನೋಡಿದ್ದೆವು. ಬಿಸಿಲು ಬಿದ್ದರೆ ಅರ್ಧ ಪಾಚಿ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಪೂರ್ವದ ಗೋಡೆಗೆ ಗಾಳಿ, ಬೆಳಕು ಬರುವ ಜಾಲಿ ಇಟ್ಟಿಗೆ. ಮುಂಗಾರಿನ ಗಾಳಿ ಮಳೆ ನಮ್ಮ ಕಡೆ ನೈಋತ್ಯದಿಂದ ಹೊಡೆಯುತ್ತದೆ, ಆ ಕಡೆ ಗಟ್ಟಿ ಗೋಡೆ. ನುಗ್ಗೆ ಮರದ ಕೆಳಗೆ ಮಾತ್ರ ಬಚ್ಚಲು ಬೇಡವೇ ಬೇಡ. ಮಳೆಗಾಲದಲ್ಲಿ ಕಂಬಳಿಹುಳು ಕಾಂಡದ ತುಂಬ ಗುಂಪು ಕಟ್ಟಿಕೊಳ್ಳುತ್ತದೆ. ಬರಿ ಮೈಯಲ್ಲಿ ಕೂತವರ ಮೇಲೆ ಒಂದು ಬಿದ್ದರೂ ಸಾಕು. ತೆಂಗಿನ ಕೆಳಗೂ ಬೇಡ, ಯಾಕೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಮರೆಯ ವಿಷಯಕ್ಕೆ ಬಂದರೆ, ಮೈಸೂರಿನಲ್ಲೂ ಈಗ ಅಕ್ಕಪಕ್ಕ ಎಲ್ಲ ಎರಡು ಮಹಡಿ. ಗೋಡೆ ಎತ್ತರವನ್ನು ನೆಲದಿಂದ ನೋಡಿ ತೀರ್ಮಾನ ಮಾಡಬೇಡಿ. ನಾನು ಪಕ್ಕದ ಮನೆ ಆಂಟಿಯನ್ನು ಕೇಳಿ ಅವರ ತಾರಸಿ ಹತ್ತಿದೆ. ಮಗಳು ಬಚ್ಚಲಿನ ನಡುವೆ ನಿಂತು ಒಂದು ಬಿದಿರು ಗಳ ಎತ್ತಿ ಹಿಡಿದಳು. ಎಷ್ಟೆತ್ತರದವರೆಗೆ ನನಗೆ ಕಾಣುತ್ತಿದೆ ಅಂತ ಅಲ್ಲಿಂದಲೇ ಕೂಗಿ ಹೇಳಿ, ಗಳಕ್ಕೆ ಗುರುತು ಹಾಕಿಸಿದೆ. ಏಳಡಿ ಗೋಡೆ ಕಟ್ಟಿದರೂ ಒಂದು ಮೂಲೆ ಕಾಣುತ್ತಿತ್ತು. ಗೋಡೆ ಇನ್ನೂ ಏರಿಸಿದರೆ ಬಾವಿಯೊಳಗೆ ಕೂತಂತೆ ಆಗುತ್ತದೆ, ಬಿಸಿಲೂ ಹೋಗುತ್ತದೆ. ಅದಕ್ಕೆ ಆ ಮೂಲೆಗೆ ಮಾತ್ರ ಬಿದಿರಿನ ಚಪ್ಪರ ಹಾಕಿ ಜಾಜಿ ಬಳ್ಳಿ ಹಬ್ಬಿಸಿದ್ದೇವೆ. ನಾವು ಆಂಟಿಯ ತಾರಸಿ ಹತ್ತಿ ಕೇಳಿದ್ದರಿಂದ ಇನ್ನೊಂದು ಲಾಭ ಆಯಿತು. ಹೊಗೆ ಯಾವ ಹೊತ್ತಿಗೆ ಬಂದರೆ ಅವರ ಬಟ್ಟೆಗೆ ತೊಂದರೆ ಅನ್ನುವುದು ಮೊದಲೇ ಮಾತಾಯಿತು. ಏಳು ಗಂಟೆಯೊಳಗೆ ಒಲೆ ಆರಿಸುತ್ತೇವೆ.

ಒಲೆಯನ್ನು ಇಟ್ಟಿಗೆಯಲ್ಲೇ ಕಟ್ಟಿದ್ದು, ಆದರೆ ಸಿಮೆಂಟ್ ಹಾಕಿಲ್ಲ. ಉರಿ ತಾಗುವ ಕಡೆ ಸಿಮೆಂಟ್ ಗಾರೆ ಬಿರುಕು ಬಿಟ್ಟು ಉದುರುತ್ತದೆ. ಕೆಮ್ಮಣ್ಣು, ಭತ್ತದ ಹೊಟ್ಟು, ಸಗಣಿ ಕಲಸಿ ಅತ್ತೆಯೇ ಮೆತ್ತಿದರು. ಒಲೆಯ ಬಾಯಿ ಗೋಡೆಯ ಆಚೆಗೆ, ಹಂಡೆಯ ಬಾಯಿ ಈಚೆಗೆ. ಊರ ಮನೆಗಳಲ್ಲಿ ಇದ್ದದ್ದು ಹೀಗೇ. ಸ್ನಾನ ಮಾಡುವವರಿಗೆ ಹೊಗೆ ಬರುವುದಿಲ್ಲ, ಹೊರಗಿನಿಂದ ಇನ್ನೊಬ್ಬರು ಮಟ್ಟೆ ತಳ್ಳಬಹುದು. ಗೋಡೆಗಿಂತ ಎತ್ತರಕ್ಕೆ 4 ಇಂಚಿನ ಜಿಐ ಪೈಪು ಏರಿಸಿದ್ದೇವೆ.

ಹಂಡೆಯನ್ನು ಒಲೆಗೆ ಕಚ್ಚಿಸಿ ಗಾರೆ ಮಾಡಿಬಿಡೋಣ, ಅಲ್ಲಾಡುವುದಿಲ್ಲ ಅಂತ ಮೇಸ್ತ್ರಿ ಹೇಳಿದರು. ಅತ್ತೆ ಒಪ್ಪಲಿಲ್ಲ. ನೀರು ತುಂಬುವ ಹಬ್ಬಕ್ಕೆ ಹಂಡೆ ಇಳಿಸಿ, ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಬಳ್ಳಿ ಸುತ್ತಿ, ಹೊಸ ನೀರು ತುಂಬಬೇಕಲ್ಲ? ಮಾರನೆಯ ದಿನ ನರಕ ಚತುರ್ದಶಿ, ಬೆಳಕು ಹರಿಯುವ ಮುಂಚೆ ಎಣ್ಣೆ ನೀರು. ಹಬ್ಬದ ಮಾತು ಬಿಟ್ಟರೂ ಅವರು ಹೇಳಿದ್ದೇ ಸರಿ. ಬೋರ್ ನೀರು ಗಡಸು, ಕಾಯಿಸಿ ಕಾಯಿಸಿ ಒಳಗೆ ಬಿಳಿ ಪದರ ಕಟ್ಟುತ್ತದೆ. ಆಗಾಗ ಇಳಿಸಿ ಉಜ್ಜದಿದ್ದರೆ ನೀರು ಕಾಯಲು ಸೌದೆ ಜಾಸ್ತಿ ಬೇಕು. ಹಂಡೆ ಈಗ ಮೂರು ಇಟ್ಟಿಗೆ ಮೊನೆ ಮೇಲೆ ಕೂತಿದೆ, ಇಬ್ಬರು ಹಿಡಿದರೆ ಎತ್ತಬಹುದು. ಗಡಸು ನೀರಿನಲ್ಲಿ ಸೋಪು ಸರಿಯಾಗಿ ನೊರೆ ಬಿಡುವುದಿಲ್ಲ. ಸೀಗೆಪುಡಿಗೆ ಆ ತೊಂದರೆ ಇಲ್ಲ, ಎಣ್ಣೆಯೂ ಬಿಡುತ್ತದೆ, ಬಾಳೆಗೂ ಒಳ್ಳೆಯದು. ನೆಲದ ಎಣ್ಣೆ ಜಿಡ್ಡಿಗೂ ಅದೇ ಪುಡಿ ಉದುರಿಸಿ, ಬಿಸಿ ನೀರು ಹಾಕಿ ಕಡ್ಡಿ ಪೊರಕೆಯಲ್ಲಿ ಉಜ್ಜುತ್ತೇವೆ.

ತಣ್ಣೀರಿಗೆ ಒಂದು ಹಿತ್ತಾಳೆ ನಲ್ಲಿ. ಸೋಲಾರ್ ಬಿಸಿನೀರು ತರುವುದಾದರೆ ಸಿಪಿವಿಸಿ ಪೈಪೇ ಹಾಕಿಸಿ, ಮಾಮೂಲಿ ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ. ಎರಡಾದರೂ ಬಿಸಿಲಿಗೆ ಬಿಟ್ಟರೆ ಪೆಡಸಾಗಿ ಒಡೆಯುತ್ತವೆ, ಮಣ್ಣೊಳಗೆ ಹೂಳಿ. ಲೈಟಿನ ಸ್ವಿಚ್ಚು ಮನೆಯೊಳಗೇ ಇರಲಿ, ಆ ಲೈನಿಗೆ ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲಿ. ನೀರು ಕಾಯಿಸುವ ಕರೆಂಟ್ ರಾಡು ಈ ಜಾಗಕ್ಕೆ ಎಂದೂ ಬರಬಾರದು.

ಹಂಡೆಗೆ ಮುಚ್ಚಳ ಕಡ್ಡಾಯ. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಇಂಥ ಸ್ವಚ್ಛ ನೀರಲ್ಲೇ, ವಾರ ಹತ್ತು ದಿನದಲ್ಲಿ ಮರಿ ರೆಕ್ಕೆ ಬಲಿತು ಹಾರುತ್ತದೆ. ಊರಿಗೆ ಹೋಗುವಾಗ ಹಂಡೆ ಬರಿದು ಮಾಡಿ ಬೋರಲು ಹಾಕಿ ಹೋಗುತ್ತೇವೆ. ಗುಂಡಿಯ ಸಿಪ್ಪೆ, ತರಗು ಕರಗಿ ಇಳಿದ ಹಾಗೆಲ್ಲ ಮೇಲೆ ಹೊಸದು ಹಾಕುತ್ತೇವೆ. ಒಲೆಯ ಬೂದಿ ತೆಂಗಿನ ಬುಡಕ್ಕೆ.

ಇದನ್ನು ನೋಡಿ ಮಂಡ್ಯದ ಹತ್ತಿರ ಇರುವ ನಾದಿನಿ ಮನೆಯಲ್ಲೂ ಕಟ್ಟಿಸಿದರು. ಅವರ ಮನೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿದೆ, ಜಿಗುಟು ಮಣ್ಣು. ನಾಲೆಗೆ ನೀರು ಬಿಟ್ಟರೆ ಅಂತರ್ಜಲ ಮೇಲೆ ಬಂದು, ತೋಡಿದ ಗುಂಡಿಯಲ್ಲಿ ತಾನೇ ನೀರು ಒಸರುತ್ತದೆ. ಅಲ್ಲಿ ನಮ್ಮ ಇಂಗುಗುಂಡಿ ನಡೆಯುವುದಿಲ್ಲ. ಅವರು ಬಚ್ಚಲ ನೆಲವನ್ನೇ ಒಂದೂವರೆ ಅಡಿ ಎತ್ತರಿಸಿ, ಗೇಣುದ್ದ ಆಳದ ಉದ್ದ ಕಾಲುವೆ ತೆಗೆದು, ಅದರ ಎರಡೂ ಬದಿಗೆ ಸಾಲಾಗಿ ಬಾಳೆ, ಕೆಸು ನೆಟ್ಟಿದ್ದಾರೆ. ನೀರು ಒಂದೇ ಕಡೆ ನಿಲ್ಲದೆ ಸಾಲಿನುದ್ದಕ್ಕೂ ಹಂಚಿಹೋಗುತ್ತದೆ. ನಾಲೆ ನೀರಿನ ತಿಂಗಳುಗಳಲ್ಲಿ ಕಾಲುವೆಯ ಕೊನೆಯ ಭಾಗ ಒದ್ದೆಯಾಗಿಯೇ ಇರುತ್ತದಂತೆ. ಬರುವ ಬೇಸಿಗೆಯಲ್ಲಿ ಅದನ್ನು ಇನ್ನು ಹತ್ತಡಿ ಮುಂದಕ್ಕೆ, ತೆಂಗಿನ ಸಾಲಿನವರೆಗೆ ಎಳೆಯಬೇಕು ಅಂತಿದ್ದಾರೆ.